ಗೋಡೆಯ ಮೇಲಿನ ಹುತಾತ್ಮರು, ಗೋಡೆಯಾಚೆಯ ಸಾಕ್ಷಿಗಳು

ಉರ್ದುವಿನ 'ಶಹಾದತ್' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಹುತಾತ್ಮನಾಗುವುದು. ಇನ್ನೊಂದು, ಸಾಕ್ಷಿ ಹೇಳುವುದು. ಕರ್ಬಲಾದ ಮೈದಾನದಲ್ಲಿ ಇಮಾಮ್ ಹುಸೇನರು ಪಡೆದದ್ದೂ ಶಹಾದತ್, ನ್ಯಾಯಾಲಯದ ಕಟಕಟೆಯಲ್ಲಿ ನಿಂತವನು ತಾನು ಕಂಡದ್ದನ್ನು ಹೇಳುವುದೂ ಶಹಾದತ್. ಎರಡೂ ಒಂದೇ ಅರಬ್ಬಿ ಧಾತುವಿನಿಂದ ಬಂದವು. ಉರ್ದು ಮತ್ತು ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತ ನನಗೆ, ಕನ್ನಡದ 'ಹುತಾತ್ಮ' ಶಬ್ದದೊಳಗೆ ಈ ಎರಡನೆಯ ಅರ್ಥ ಏಕಿಲ್ಲ ಎಂಬ ಕುತೂಹಲ ಬಹಳ ದಿನ ಇತ್ತು. 'ಹುತ' ಎಂದರೆ ಯಜ್ಞದಲ್ಲಿ ಅರ್ಪಿತವಾದದ್ದು. ತನ್ನನ್ನೇ ಆಹುತಿ ಕೊಟ್ಟವನು ಹುತಾತ್ಮ. ಅಲ್ಲಿ ಬಲಿಯಿದೆ, ಸಾಕ್ಷಿಯಿಲ್ಲ. ಇಂಗ್ಲಿಷಿನ 'ಮಾರ್ಟರ್' ಕೂಡ ಮೂಲ ಗ್ರೀಕಿನಲ್ಲಿ ಸಾಕ್ಷಿ ಎಂದೇ ಅರ್ಥ ಕೊಡುತ್ತದೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಈ ಪದವಿಚಾರ ಮತ್ತೆ ನೆನಪಿಗೆ ಬಂದದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಗೋಡೆಚಿತ್ರಗಳನ್ನು ನೋಡುವಾಗ. ನಾನು ಆ ನಗರಕ್ಕೆ ಹೋದವನಲ್ಲ. ನೋಡಿರುವುದು ಆ ಗೋಡೆಗಳ ಛಾಯಾಚಿತ್ರಗಳನ್ನು. ಅಲ್ಲಿನ ಸಮಾಜಶಾಸ್ತ್ರಜ್ಞ ಬಿಲ್ ರೋಲ್‌ಸ್ಟನ್ 1992ರಿಂದ ಹಲವು ಸಂಪುಟಗಳಲ್ಲಿ ಈ ಚಿತ್ರಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಮಳೆಗೆ ಮಾಸುವ, ಮೇಲೆ ಮತ್ತೊಂದು ಬಣ್ಣ ಬೀಳುವ ಈ ಚಿತ್ರಗಳಿಗೆ ಫೋಟೊಗಳೇ ಕೊನೆಯ ಆಶ್ರಯ. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತಾ ಹೋದಂತೆ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಈ ಗೋಡೆಗಳು ಮಾಡುತ್ತಿರುವುದು ಯಾವ ಶಹಾದತ್? ಬಲಿಯ ಬಣ್ಣನೆಯೋ, ಸಾಕ್ಷಿಯೋ?

ಚರಿತ್ರೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1921ರಲ್ಲಿ ಐರ್ಲೆಂಡ್ ದ್ವೀಪ ಇಬ್ಭಾಗವಾಯಿತು. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನೊಡನೆ ಉಳಿದವು. ಅಲ್ಲಿ ಬಹುಸಂಖ್ಯಾತ ಪ್ರೊಟೆಸ್ಟಂಟರಲ್ಲಿ ಹೆಚ್ಚಿನವರು ಬ್ರಿಟನ್ನಿನ ಪರ, ಅಲ್ಪಸಂಖ್ಯಾತ ಕ್ಯಾಥೊಲಿಕರಲ್ಲಿ ಹೆಚ್ಚಿನವರು ಅಖಂಡ ಐರ್ಲೆಂಡಿನ ಪರ. ವಸತಿ, ಉದ್ಯೋಗ, ಮತದಾನದಲ್ಲಿ ಕ್ಯಾಥೊಲಿಕರಿಗಾಗುತ್ತಿದ್ದ ಅನ್ಯಾಯದ ವಿರುದ್ಧ 1960ರ ದಶಕದ ಕೊನೆಯಲ್ಲಿ ನಾಗರಿಕ ಹಕ್ಕುಗಳ ಚಳವಳಿ ಎದ್ದಿತು. ಅದು ಹಿಂಸೆಗೆ ತಿರುಗಿ, ಒಂದು ಕಡೆ ಐಆರ್‌ಎ, ಇನ್ನೊಂದು ಕಡೆ ಯುವಿಎಫ್, ಯುಡಿಎ ಮುಂತಾದ ಪ್ರೊಟೆಸ್ಟಂಟ್ ಸಶಸ್ತ್ರ ಗುಂಪುಗಳು, ನಡುವೆ ಬ್ರಿಟಿಷ್ ಸೈನ್ಯ. 1998ರ ಏಪ್ರಿಲ್ 10ರ 'ಗುಡ್ ಫ್ರೈಡೆ ಒಪ್ಪಂದ'ದ ಹೊತ್ತಿಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು.

ಪಶ್ಚಿಮ ಬೆಲ್‌ಫಾಸ್ಟಿನಲ್ಲಿ ಎರಡು ರಸ್ತೆಗಳಿವೆ. ಕ್ಯಾಥೊಲಿಕರ ಫಾಲ್ಸ್ ರಸ್ತೆ, ಪ್ರೊಟೆಸ್ಟಂಟರ ಶಾಂಕಿಲ್ ರಸ್ತೆ. ಒಂದಕ್ಕೊಂದು ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುವ ಈ ಬೀದಿಗಳ ನಡುವೆ ನಡೆದು ಹೋಗುವಷ್ಟೇ ದೂರ. ಆದರೆ 1969ರಲ್ಲಿ ಸೈನ್ಯ ತಾತ್ಕಾಲಿಕವೆಂದು ಹಾಕಿದ ಬೇಲಿ ಮುಂದೆ ಎತ್ತರದ ಗೋಡೆಯಾಯಿತು. ಅದಕ್ಕೆ 'ಶಾಂತಿ ರೇಖೆ' ಎಂದು ಹೆಸರು! ಅಂತಹ ಗೋಡೆಗಳನ್ನೆಲ್ಲ 2023ರೊಳಗೆ ತೆಗೆದುಹಾಕುವ ಗುರಿಯನ್ನು ಅಲ್ಲಿನ ಸರ್ಕಾರ 2013ರಲ್ಲಿ ಘೋಷಿಸಿತು. ಗಡುವು ಮುಗಿದರೂ ಗೋಡೆಗಳು ನಿಂತಿವೆ. ಬಾಗಿಲಿರುವ ಕಡೆಗಳಲ್ಲಿ ಕೆಲವನ್ನು ರಾತ್ರಿ ಹೊತ್ತು ಮುಚ್ಚುತ್ತಾರೆ.

ಗೋಡೆಚಿತ್ರಗಳಿರುವುದು ಮುಖ್ಯವಾಗಿ ಕಾರ್ಮಿಕರ ಸಾಲುಮನೆಗಳಲ್ಲಿ. ಸಾಲಿನ ಕೊನೆಯ ಮನೆಗೆ ಕಿಟಕಿಯಿಲ್ಲದ ಒಂದು ಪಕ್ಕದ ಗೋಡೆ ಇರುತ್ತದೆ. ಅದೇ ಇವರ ಕ್ಯಾನ್ವಾಸು. ಈ ಸಂಪ್ರದಾಯ ಮೊದಲಾದದ್ದು ಪ್ರೊಟೆಸ್ಟಂಟರ ಕೇರಿಗಳಲ್ಲಿ, 20ನೇ ಶತಮಾನದ ಆರಂಭದಲ್ಲಿ. ಬಿಳಿ ಕುದುರೆಯ ಮೇಲೆ ಕುಳಿತು ನದಿ ದಾಟುತ್ತಿರುವ ರಾಜ ವಿಲಿಯಂ, ಅಂದರೆ 1690ರ ಬಾಯ್ನ್ ಯುದ್ಧದಲ್ಲಿ ಕ್ಯಾಥೊಲಿಕ್ ರಾಜ ಜೇಮ್ಸನನ್ನು ಸೋಲಿಸಿದವನು, ಅವರ ಅಚ್ಚುಮೆಚ್ಚಿನ ಚಿತ್ರ. ಪ್ರತಿವರ್ಷ ಜುಲೈ 12ರ ಮೆರವಣಿಗೆಗೆ ಮೊದಲು ಅದಕ್ಕೆ ಹೊಸ ಬಣ್ಣ ಬಳಿಯುವುದು ಹಬ್ಬದ ಒಂದು ಭಾಗ. ಕ್ಯಾಥೊಲಿಕರ ಕೇರಿಗಳಲ್ಲಿ ಆಗ ಅಂತಹ ಚಿತ್ರಗಳು ಇರಲಿಲ್ಲವೆಂದೇ ಹೇಳಬೇಕು. ಅವರಿಗೆ ಬಣ್ಣ, ಕುಂಚಗಳ ಕೊರತೆಯೇನೂ ಇರಲಿಲ್ಲ. ಸಾರ್ವಜನಿಕ ಜಾಗ ಅವರದೆಂದು ಪ್ರಭುತ್ವ ಒಪ್ಪಿರಲಿಲ್ಲ, ಅಷ್ಟೆ. 1954ರ ಒಂದು ಕಾಯಿದೆಯ ಪ್ರಕಾರ ಬ್ರಿಟಿಷ್ ಧ್ವಜಕ್ಕೆ ಅಡ್ಡಿಪಡಿಸುವುದು ಅಪರಾಧ. ಶಾಂತಿಭಂಗವಾದೀತೆಂದು ತೋರಿದರೆ ಉಳಿದ ಬಾವುಟ, ಲಾಂಛನಗಳನ್ನು ಪೊಲೀಸರು ತೆಗೆಸಬಹುದಿತ್ತು. ಊರಿನ ಗೋಡೆ ಯಾರದು ಎಂಬುದು ಊರು ಯಾರದು ಎಂಬ ಪ್ರಶ್ನೆಯೇ.

ಕ್ಯಾಥೊಲಿಕರ ಗೋಡೆಗಳು ಮಾತಾಡತೊಡಗಿದ್ದು 1981ರಲ್ಲಿ. ಆ ವರ್ಷ ಮಾರ್ಚ್ 1ರಂದು ಬಾಬಿ ಸ್ಯಾಂಡ್ಸ್ ಎಂಬ ಐಆರ್‌ಎ ಕೈದಿ, ತಮ್ಮನ್ನು ಸಾಮಾನ್ಯ ಅಪರಾಧಿಗಳಂತೆ ಕಾಣಬಾರದೆಂದು ಒತ್ತಾಯಿಸಿ ಜೈಲಿನಲ್ಲಿ ಉಪವಾಸ ಆರಂಭಿಸಿದ. ಉಪವಾಸದ ನಡುವೆಯೇ ಬ್ರಿಟಿಷ್ ಸಂಸತ್ತಿಗೆ ಚುನಾಯಿತನಾದ. 66 ದಿನಗಳ ನಂತರ, ಮೇ 5ರಂದು ಸತ್ತ. ಆಗ ಅವನಿಗೆ 27 ವರ್ಷ. ಅವನ ನಂತರ ಇನ್ನೂ ಒಂಬತ್ತು ಮಂದಿ ಸತ್ತರು. ಆ ತಿಂಗಳುಗಳಲ್ಲಿ ಹುಡುಗರು ರಾತ್ರೋರಾತ್ರಿ ನೂರಾರು ಗೋಡೆಗಳಿಗೆ ಬಣ್ಣ ಬಳಿದರು.

ಇಂದು ಫಾಲ್ಸ್ ರಸ್ತೆಯಲ್ಲಿ ಸಿನ್ ಫೇನ್ ಪಕ್ಷದ ಕಚೇರಿಯ ಪಕ್ಕದ ಗೋಡೆಯ ಮೇಲೆ ಸ್ಯಾಂಡ್ಸನ ದೊಡ್ಡ ಮುಖವಿದೆ. 1998ರಲ್ಲಿ ಡ್ಯಾನಿ ಡೆವೆನ್ನಿ ಬರೆದದ್ದು. ಉದ್ದ ಕೂದಲು, ತುಂಬಿದ ಕೆನ್ನೆ, ನಗುಮುಖ. ಉಪವಾಸಕ್ಕೆ ಮುಂಚೆ, ಜೈಲಿನಲ್ಲಿ ತೆಗೆದ ಫೋಟೊವೊಂದರ ಆಧಾರದ ಮೇಲೆ ಬರೆದ ಚಿತ್ರ. ಕೆಳಗೆ ಮಕ್ಕಳ ನಗುವನ್ನು ಕುರಿತ ಅವನದೇ ಮಾತು. ಚಿತ್ರ ಚೆನ್ನಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕಥೆ ಬರೆಯುವವನಾದ ನನಗೆ ಅಲ್ಲಿ ಇಲ್ಲದಿರುವುದು ಕಣ್ಣಿಗೆ ಬೀಳುತ್ತದೆ. 66 ದಿನ ಅನ್ನವಿಲ್ಲದ ದೇಹ ಅಲ್ಲಿಲ್ಲ. ಬಳಿಯಲ್ಲಿ ಕುಳಿತು ಮಗ ಸಾಯುವುದನ್ನು ನೋಡಿದ ತಾಯಿ ಅಲ್ಲಿಲ್ಲ. ಯಾತನೆಯನ್ನು ತೆಗೆದು ನಗುವನ್ನಷ್ಟೇ ಉಳಿಸಿದಾಗ ಮನುಷ್ಯ ಸಂತನಾಗುತ್ತಾನೆ. ಸಂತನನ್ನು ಪೂಜಿಸಬಹುದು, ಪ್ರಶ್ನೆ ಕೇಳಲಾಗುವುದಿಲ್ಲ.

ಆಚೆ ಬದಿಯ ಶಾಂಕಿಲ್‌ನಲ್ಲಿ ದೃಶ್ಯ ಬೇರೆ. 1980ರ ದಶಕದ ನಡುವಿನಿಂದ ಅಲ್ಲಿ ರಾಜ ವಿಲಿಯಂನ ಕುದುರೆಗಿಂತ ಮುಸುಕು ಹಾಕಿದ ಬಂದೂಕುಧಾರಿಗಳೇ ಹೆಚ್ಚಾದರು. ಶಾಂಕಿಲ್ ರಸ್ತೆಯ ಕೆಳಭಾಗದ ಒಂದು ಚಿತ್ರಕ್ಕೆ ಜನ 'ಬೆಲ್‌ಫಾಸ್ಟಿನ ಮೊನಾಲಿಸಾ' ಎಂದು ಹೆಸರಿಟ್ಟಿದ್ದರು. ನೀವು ಯಾವ ಕಡೆಗೆ ಸರಿದರೂ ಅದರಲ್ಲಿನ ಬಂದೂಕಿನ ನಳಿಗೆ ನಿಮ್ಮತ್ತಲೇ ತಿರುಗಿದಂತೆ ಕಾಣುತ್ತಿತ್ತು. ಇಲ್ಲೊಂದು ವಿಷಯವನ್ನು ಗಮನಿಸಬೇಕು. ಆ ಬೀದಿಯಲ್ಲಿ ದಿನವೂ ಓಡಾಡುವವರು ಕ್ಯಾಥೊಲಿಕರಲ್ಲ. ಆ ನಳಿಗೆಯ ಎದುರು ಪ್ರತಿದಿನ ಹಾದುಹೋಗುತ್ತಿದ್ದವರು ಅದೇ ಕೇರಿಯ ಪ್ರೊಟೆಸ್ಟಂಟ್ ತಾಯಂದಿರು, ಶಾಲೆಗೆ ಹೋಗುವ ಮಕ್ಕಳು. ಶತ್ರುವನ್ನು ಹೆದರಿಸುವ ಚಿತ್ರವೆಂದು ಹೇಳಿಕೊಂಡರೂ ಅದು ಹೆದರಿಸುತ್ತಿದ್ದುದು ತನ್ನವರನ್ನೇ. ಫಾಲ್ಸ್‌ನ ನಗುಮುಖವೂ ಅಷ್ಟೆ, ಮಾತಾಡುವುದು ತನ್ನ ಕೇರಿಯ ಮಕ್ಕಳೊಡನೆ. ಗೋಡೆಚಿತ್ರದ ನಿಜವಾದ ಓದುಗ ಗೋಡೆಯ ಈಚೆಯವನು.

ಹಾಗೆಂದು ಎಲ್ಲವನ್ನೂ ಪ್ರಚಾರವೆಂದು ತಳ್ಳಿಹಾಕಿದರೆ ತಪ್ಪಾಗುತ್ತದೆ. 1971ರ ಆಗಸ್ಟ್ 9ರಿಂದ 11ರವರೆಗೆ ಪಶ್ಚಿಮ ಬೆಲ್‌ಫಾಸ್ಟಿನ ಬ್ಯಾಲಿಮರ್ಫಿಯಲ್ಲಿ ಗುಂಡಿಗೆ 10 ಮಂದಿ ಬಲಿಯಾದರು. ಅವರಲ್ಲಿ ಒಬ್ಬರು ಪಾದ್ರಿ, ಒಬ್ಬರು ಹಲವು ಮಕ್ಕಳ ತಾಯಿ. ಸತ್ತವರು ಬಂದೂಕುಧಾರಿಗಳೆಂದು ಸೈನ್ಯ ಹೇಳಿತು. ಅರ್ಧ ಶತಮಾನ ಆ ಕಳಂಕ ಕುಟುಂಬಗಳ ಮೇಲಿತ್ತು. ನ್ಯಾಯಾಲಯ ಕೇಳದಿದ್ದ ಮಾತನ್ನು ಅವರು ಬೀದಿಯಲ್ಲಿ, ಗೋಡೆಯ ಮೇಲೆ ಹೇಳುತ್ತಾ ಬಂದರು. ಕೊನೆಗೆ 2021ರ ಮೇ ತಿಂಗಳಲ್ಲಿ ಹೊಸ ವಿಚಾರಣೆಯ ತೀರ್ಪು ಬಂದು, 10 ಮಂದಿಯೂ ನಿರಪರಾಧಿಗಳೆಂದು ಸಾರಿತು. ಇಲ್ಲಿ ಗೋಡೆ ಮಾಡಿದ ಕೆಲಸ ನಿಜವಾಗಿ ಸಾಕ್ಷಿಯದು. ಪ್ರಭುತ್ವ ಸುಳ್ಳು ಹೇಳಿದಾಗ ಬಡವರಿಗೆ ಉಳಿಯುವ ನೋಟೀಸು ಬೋರ್ಡು ಅವರ ಮನೆಯ ಗೋಡೆಯೇ. ಇದನ್ನು ಅರಿಯದೆ 'ಹಳೆಯದನ್ನು ಮರೆತುಬಿಡಿ' ಎಂದು ಉಪದೇಶ ಮಾಡುವವರು ಸಾಮಾನ್ಯವಾಗಿ ಏನನ್ನೂ ಕಳೆದುಕೊಳ್ಳದವರು.

ಆದರೆ ಸಾಕ್ಷಿಗೆ ಒಂದು ಧರ್ಮವಿದೆ. ತನ್ನವರ ವಿರುದ್ಧವಾದರೂ ಕಂಡದ್ದನ್ನು ಹೇಳಬೇಕು. ಕುರ್‌ಆನಿನ ಆಜ್ಞೆಯೂ ಅದೇ. ನಿಮ್ಮ ವಿರುದ್ಧ, ನಿಮ್ಮ ತಂದೆತಾಯಿ, ಬಂಧುಗಳ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಿರೆಂದು ಅದು ಹೇಳುತ್ತದೆ. ಈ ಒರೆಗಲ್ಲಿಗೆ ಉಜ್ಜಿದಾಗ ಬೆಲ್‌ಫಾಸ್ಟಿನ ಗೋಡೆಗಳ ಬಣ್ಣ ಬಿಡತೊಡಗುತ್ತದೆ.

ಜೀನ್ ಮೆಕಾನ್‌ವಿಲ್ ಎಂಬ ಮಹಿಳೆ ಫಾಲ್ಸ್ ರಸ್ತೆಯ ತುದಿಯ ಡಿವಿಸ್ ಫ್ಲಾಟುಗಳಲ್ಲಿ ವಾಸವಾಗಿದ್ದಳು. ಹುಟ್ಟಿನಿಂದ ಪ್ರೊಟೆಸ್ಟಂಟ್, ಮದುವೆಯಿಂದ ಕ್ಯಾಥೊಲಿಕ್. ಗಂಡ ತೀರಿಕೊಂಡಿದ್ದ, ಹತ್ತು ಮಕ್ಕಳು. 1972ರ ಡಿಸೆಂಬರಿನಲ್ಲಿ ಮಕ್ಕಳ ಎದುರಿನಿಂದಲೇ ಐಆರ್‌ಎ ಅವಳನ್ನು ಎಳೆದೊಯ್ದು ಕೊಂದು ಹೂತುಹಾಕಿತು. ಮಾಹಿತಿದಾರಳೆಂಬುದು ಆರೋಪ. ಅದಕ್ಕೆ ಆಧಾರ ಸಿಗಲಿಲ್ಲವೆಂದು 2006ರಲ್ಲಿ ಪೊಲೀಸ್ ಓಂಬುಡ್ಸ್‌ಮನ್ ಹೇಳಿದರು. ಅವಳ ಮೂಳೆಗಳು ಸಮುದ್ರತೀರದಲ್ಲಿ ಸಿಕ್ಕಿದ್ದು 2003ರಲ್ಲಿ. ಮಕ್ಕಳು ಚದುರಿ ಅನಾಥಾಲಯಗಳ ಪಾಲಾಗಿದ್ದರು. ಅವಳ ಮನೆಯಿದ್ದ ಜಾಗದಿಂದ ಸ್ವಲ್ಪವೇ ದೂರದಲ್ಲಿ ಜಗತ್ತಿನ ನೊಂದವರಿಗೆಲ್ಲ ಮೀಸಲಾದ ಚಿತ್ರಗಳ ಉದ್ದನೆಯ ಗೋಡೆಯಿದೆ. ನೆರೆಮನೆಯ ನೊಂದವಳಿಗೆ ಅಂತಹ ಗೋಡೆಗಳಲ್ಲಿ ಜಾಗ ಸಿಗುವುದು ಸುಲಭವಲ್ಲ.

ಇನ್ನೊಂದು ಉದಾಹರಣೆ. 1993ರ ಅಕ್ಟೋಬರ್ 23, ಶನಿವಾರ. ಶಾಂಕಿಲ್ ರಸ್ತೆಯ ಮೀನಿನ ಅಂಗಡಿಯೊಂದರಲ್ಲಿ ಐಆರ್‌ಎ ಇಟ್ಟ ಬಾಂಬು ಅವಧಿಗೆ ಮೊದಲೇ ಸಿಡಿದು, ಒಂಬತ್ತು ಮಂದಿ ಸಾಮಾನ್ಯ ಜನ ಸತ್ತರು. ಅವರಲ್ಲಿ ಚಿಕ್ಕ ಹುಡುಗಿಯರೂ ಇದ್ದರು. ಬಾಂಬು ತಂದವರಲ್ಲಿ ಒಬ್ಬನೂ ಅಲ್ಲೇ ಸತ್ತ. ಶಾಂಕಿಲ್‌ನಲ್ಲಿ ಆ ಒಂಬತ್ತು ಮಂದಿಯ ಸ್ಮರಣೆ ನಡೆಯುತ್ತದೆ. 20 ವರ್ಷಗಳ ನಂತರ, 2013ರಲ್ಲಿ, ಆರ್ಡಾಯ್ನ್ ಎಂಬ ಕ್ಯಾಥೊಲಿಕ್ ಕೇರಿಯಲ್ಲಿ ಆ ಹತ್ತನೆಯವನ ಹೆಸರಿನಲ್ಲಿ ಸ್ಮರಣಫಲಕ ಅನಾವರಣಗೊಂಡಿತು. ಪ್ರತಿಭಟನೆಯೂ ನಡೆಯಿತು. ಒಂದೇ ಬಾಂಬು, ಒಂದೇ ಮಧ್ಯಾಹ್ನ, ಎರಡು ಸ್ಮಾರಕಗಳು. ಅವನ ತಾಯಿಗೂ ಅಳುವ ಹಕ್ಕಿದೆ, ಅದನ್ನು ಕಸಿಯುವವರು ನಾವ್ಯಾರು? ಆದರೆ ತಾಯಿಯ ಅಳು ಬೀದಿಯ ಗೌರವವಾಗಿ ಬದಲಾಗುವಾಗ ಉಳಿದ ಒಂಬತ್ತು ಹೆಸರುಗಳು ಎಲ್ಲಿ ಹೋದವು? ಪ್ರೊಟೆಸ್ಟಂಟರ ಗೋಡೆಗಳಿಗೂ ಇದೇ ಪ್ರಶ್ನೆ ಕೇಳಬೇಕು. 1971ರ ಡಿಸೆಂಬರ್ 4ರಂದು ಮೆಕ್‌ಗರ್ಕ್ ಎಂಬವರ ಪಬ್ಬಿನಲ್ಲಿ ಯುವಿಎಫ್ ಬಾಂಬಿಟ್ಟು 15 ಜನರನ್ನು ಕೊಂದಿತು. ಯುವಿಎಫ್ ಹೆಸರನ್ನು ಹೊತ್ತ ಚಿತ್ರಗಳು ಹೆಮ್ಮೆಯಿಂದ ಹೇಳುವುದು 1916ರ ಸೊಮ್ ಯುದ್ಧದ ಕಂದಕಗಳನ್ನು, ಆ ಪಬ್ಬಿನ ಹೆಣಗಳನ್ನಲ್ಲ.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋದರೆ ಅದು ಅಪ್ರಾಮಾಣಿಕತೆಯಾದೀತು. ಮೇಲೆ ಹೇಳಿದ ಆ ಉದ್ದನೆಯ ಗೋಡೆಗೆ 'ಅಂತರರಾಷ್ಟ್ರೀಯ ಗೋಡೆ' ಎಂದು ಹೆಸರು. 1845ರಲ್ಲಿ ಬೆಲ್‌ಫಾಸ್ಟಿಗೆ ಬಂದು ಗುಲಾಮಗಿರಿಯ ವಿರುದ್ಧ ಮಾತಾಡಿದ ಫ್ರೆಡರಿಕ್ ಡಗ್ಲಾಸ್, ನೆಲ್ಸನ್ ಮಂಡೇಲಾ ಅಲ್ಲಿ ಕಾಣಿಸಿಕೊಂಡಿದ್ದಾರೆ. ಪ್ಯಾಲೆಸ್ತೀನಿನ ಚಿತ್ರಗಳು ಹಲವು ವರ್ಷಗಳಿಂದ ಇವೆ. ಗಾಜಾದ ಮೇಲಿನ ಯುದ್ಧ ಆರಂಭವಾದ ನಂತರ, 2024ರಲ್ಲಿ, ಪ್ಯಾಲೆಸ್ತೀನಿ ಕಲಾವಿದರ ಕೃತಿಗಳನ್ನೇ ಅಲ್ಲಿನ ಕಲಾವಿದರು ಆ ಗೋಡೆಗೆ ಇಳಿಸಿದರು. ಎಲ್ಲೋ ದೂರದ, ಮಳೆಯ ಊರಿನಲ್ಲಿ ಕ್ರೈಸ್ತರು ಪ್ಯಾಲೆಸ್ತೀನಿಗಾಗಿ ಕುಂಚ ಹಿಡಿದದ್ದನ್ನು ಕಂಡು ನನ್ನ ಹೃದಯ ತುಂಬಿ ಬಂತು. ಆದರೆ ಪುಟ ತಿರುವಿದರೆ ಪ್ರೊಟೆಸ್ಟಂಟ್ ಕೇರಿಗಳ ಕಂಬಗಳಲ್ಲಿ ಇಸ್ರೇಲಿನ ಬಾವುಟಗಳು! ಅವರಲ್ಲಿ ಎಷ್ಟು ಮಂದಿಗೆ ಇಸ್ರೇಲ್ ಗೊತ್ತು? ಆಚೆಯವರು ಒಂದನ್ನು ಹಾರಿಸಿದರು, ಈಚೆಯವರು ಇನ್ನೊಂದನ್ನು ಹಾರಿಸಿದರು. ದೂರದ ಜನರ ನೋವು ಇಲ್ಲಿ ನೆರೆಯವನನ್ನು ಚುಚ್ಚುವ ಮುಳ್ಳೂ ಆಗಬಲ್ಲದು. ಫಾಲ್ಸ್‌ನವರ ಅನುಕಂಪ ಸುಳ್ಳೆಂದು ನಾನು ಹೇಳುತ್ತಿಲ್ಲ. ತಾವು ಅನುಭವಿಸಿದ್ದರಿಂದಲೇ ಅವರಿಗೆ ಅದು ಅರ್ಥವಾಗಿದೆ. ಆದರೆ ನನ್ನ ಪಕ್ಷದ ಚಿತ್ರ ಕಂಡಾಗ ತುಂಬಿ ಬರುವ ನನ್ನ ಹೃದಯ, ಜೀನ್ ಮೆಕಾನ್‌ವಿಲ್ ಬಗ್ಗೆ ಓದುವಾಗಲೂ ಅಷ್ಟೇ ತುಂಬಿ ಬರುವುದೇ? ಇದು ಗೋಡೆಗೆ ಕೇಳುವ ಪ್ರಶ್ನೆಯಲ್ಲ, ನೋಡುವವನಿಗೆ ಕೇಳುವ ಪ್ರಶ್ನೆ.

ಸರ್ಕಾರ ಇದಕ್ಕೆ ಕಂಡುಕೊಂಡ ಪರಿಹಾರ ಬಣ್ಣದ ಮೇಲೆ ಬಣ್ಣ. ಅಲ್ಲಿನ ಕಲಾ ಮಂಡಳಿ 2006ರಲ್ಲಿ ಸುಮಾರು 33 ಲಕ್ಷ ಪೌಂಡುಗಳ ಯೋಜನೆಯೊಂದನ್ನು ಆರಂಭಿಸಿತು. ಬಂದೂಕುಧಾರಿಗಳನ್ನು ಅಳಿಸಿ ಅಲ್ಲಿ ಸ್ಥಳೀಯ ಚರಿತ್ರೆ, ಆಟಗಾರರು, ಮಕ್ಕಳ ಚಿತ್ರಗಳನ್ನು ಬರೆಸುವುದು ಉದ್ದೇಶ. ಕೆಲವು ಕಡೆ ನಿವಾಸಿಗಳೇ ಮುಂದೆ ಬಂದು ಇದನ್ನು ಸ್ವಾಗತಿಸಿದರು. ಮನೆಯ ಬಾಗಿಲು ತೆರೆದರೆ ಬಂದೂಕು ಕಾಣದಿರುವುದೂ ಒಂದು ನೆಮ್ಮದಿಯೇ. ಆದರೆ 2013ರಲ್ಲಿ ಪೂರ್ವ ಬೆಲ್‌ಫಾಸ್ಟಿನಲ್ಲಿ ಫುಟ್‌ಬಾಲ್ ಆಟಗಾರ ಜಾರ್ಜ್ ಬೆಸ್ಟ್‌ನ ಚಿತ್ರವನ್ನು ಅಳಿಸಿ ಅದೇ ಜಾಗದಲ್ಲಿ ಯುವಿಎಫ್ ಬಂದೂಕುಧಾರಿಯನ್ನು ಬರೆದರು. ಒಳಗಿನ ಭಯ ಮತ್ತು ಬಡತನ ಹಾಗೆಯೇ ಇರುವಾಗ ಮೇಲಿನ ಬಣ್ಣ ಎಷ್ಟು ದಿನ ನಿಂತೀತು? ಇನ್ನೊಂದು ಕಡೆ, ಕಪ್ಪು ಟ್ಯಾಕ್ಸಿಗಳಲ್ಲಿ ಪ್ರವಾಸಿಗರು ಬಂದು ಈ ಚಿತ್ರಗಳ ಎದುರು ಫೋಟೊ ತೆಗೆಸಿಕೊಂಡು, ಶಾಂತಿ ರೇಖೆಯ ಮೇಲೆ ಹೆಸರು ಬರೆದು ಹೋಗುತ್ತಾರೆ. ಟ್ಯಾಕ್ಸಿ ಚಾಲಕನ ಹೊಟ್ಟೆಪಾಡನ್ನು ನಾನು ಹೀಗಳೆಯಲಾರೆ. ಆದರೆ ಗಾಯವೇ ಸಂಪಾದನೆಯಾದ ಊರಿನಲ್ಲಿ ಗಾಯ ಮಾಯುವುದನ್ನು ಯಾರು ಬಯಸುತ್ತಾರೆ?

ಹಾಗಾದರೆ ಬೇರೆ ಬಗೆಯ ಚಿತ್ರ ಸಾಧ್ಯವೇ ಇಲ್ಲವೆ? ಬೆಲ್‌ಫಾಸ್ಟಿನಿಂದ ನೂರು ಕಿಲೋಮೀಟರ್ ಆಚೆ ಡೆರ್ರಿ ಎಂಬ ಇನ್ನೊಂದು ನಗರವಿದೆ. ಪ್ರೊಟೆಸ್ಟಂಟರಿಗೆ ಅದು ಲಂಡನ್‌ಡೆರ್ರಿ. ಹೆಸರೇ ಇಬ್ಭಾಗ. 1971ರ ಸೆಪ್ಟೆಂಬರಿನಲ್ಲಿ ಅಲ್ಲಿ 14 ವರ್ಷದ ಆನೆಟ್ ಮೆಕ್‌ಗಾವಿಗನ್ ಎಂಬ ಬಾಲಕಿ ಗುಂಡಿಗೆ ಬಲಿಯಾದಳು. ಬಾಗ್‌ಸೈಡ್ ಕಲಾವಿದರೆಂದು ಹೆಸರಾದ ಮೂವರು 1999ರಲ್ಲಿ ಅವಳನ್ನು ಶಾಲೆಯ ಸಮವಸ್ತ್ರದಲ್ಲಿ ಬರೆದರು. ಪಕ್ಕದಲ್ಲಿ ತಲೆಕೆಳಗಾದ ಬಂದೂಕು, ಮೇಲೆ ಬಣ್ಣವಿಲ್ಲದ ಚಿಟ್ಟೆ. ಶಾಂತಿ ನೆಲೆಸಿದೆ ಎಂಬ ಭರವಸೆ ಬಂದಾಗ ಬಣ್ಣ ತುಂಬೋಣವೆಂದು ಚಿಟ್ಟೆಯನ್ನು ಹಾಗೆಯೇ ಬಿಟ್ಟಿದ್ದರು. 2006ರಲ್ಲಿ ಬಂದೂಕನ್ನು ಮುರಿದಂತೆ ತಿದ್ದಿ, ಚಿಟ್ಟೆಗೆ ಬಣ್ಣ ಕೊಟ್ಟರು. ಕಾಯಬಲ್ಲ ಚಿತ್ರ, ತನ್ನನ್ನು ತಿದ್ದಿಕೊಳ್ಳಬಲ್ಲ ಚಿತ್ರ ಇದು. 2007ರಲ್ಲಿ ಬೆಲ್‌ಫಾಸ್ಟಿನ ಅಂತರರಾಷ್ಟ್ರೀಯ ಗೋಡೆಯ ಮೇಲೆ ಪಿಕಾಸೊನ 'ಗುರ್ನಿಕಾ'ವನ್ನು ಮರುಸೃಷ್ಟಿಸಿದಾಗ, ಸ್ಯಾಂಡ್ಸನ ಮುಖ ಬರೆದ ಡೆವೆನ್ನಿಯ ಜೊತೆ ಕುಂಚ ಹಿಡಿದವನು ಮಾರ್ಕ್ ಅರ್ವಿನ್. ಅವನ ತಂದೆ ಡೇವಿಡ್ ಅರ್ವಿನ್ ಒಮ್ಮೆ ಯುವಿಎಫ್ ಕೈದಿಯಾಗಿದ್ದು, ನಂತರ ಶಾಂತಿಯ ದಾರಿ ಹಿಡಿದ ರಾಜಕಾರಣಿ.

ನನಗೆ ಎಲ್ಲಕ್ಕಿಂತ ಮಿಗಿಲಾಗಿ ಕಂಡ ಎರಡು ಸ್ಮಾರಕಗಳು ಗೋಡೆಯ ಮೇಲಿಲ್ಲ. ಒಂದು ಪುಸ್ತಕ. 1999ರಲ್ಲಿ ಡೇವಿಡ್ ಮೆಕಿಟ್ರಿಕ್ ಮತ್ತು ಸಂಗಡಿಗ ಪತ್ರಕರ್ತರು ಪ್ರಕಟಿಸಿದ 'ಲಾಸ್ಟ್ ಲೈವ್ಸ್'. ಈ ಕಲಹದಲ್ಲಿ ಸತ್ತ 3,600ಕ್ಕೂ ಹೆಚ್ಚು ಜನರ ವಿವರ ಅದರಲ್ಲಿದೆ, ಸತ್ತ ದಿನಾಂಕದ ಕ್ರಮದಲ್ಲಿ. ಸೈನಿಕ, ಐಆರ್‌ಎ ಯುವಕ, ಹಾಲು ತರಲು ಹೋದವ, ಮಗು, ಎಲ್ಲರೂ ಒಂದೇ ಸಾಲಿನಲ್ಲಿ. ಇನ್ನೊಂದು, ಕಾಲಿನ್ ಡೇವಿಡ್‌ಸನ್ ಎಂಬ ಕಲಾವಿದ 2015ರಲ್ಲಿ ಅಲ್ಸ್ಟರ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶಿಸಿದ 18 ಭಾವಚಿತ್ರಗಳು. 'ಮೌನ ಸಾಕ್ಷ್ಯ' ಎಂಬುದು ಅದರ ಹೆಸರಿನ ಅರ್ಥ. ಅಲ್ಲಿರುವುದು ಸತ್ತವರ ಮುಖಗಳಲ್ಲ. ತಂದೆಯನ್ನು, ಮಗನನ್ನು, ಅಕ್ಕನನ್ನು ಕಳೆದುಕೊಂಡು ಬದುಕುತ್ತಿರುವವರ, ಗಾಯಗೊಂಡು ಉಳಿದವರ ಮುಖಗಳು. ಪಕ್ಕದ ಚೀಟಿಯಲ್ಲಿ ಹೆಸರು ಮತ್ತು ಆದ ನಷ್ಟ ಎರಡೇ. ಯಾವ ಮತ, ಯಾವ ಪಕ್ಷ ಎಂಬುದಿಲ್ಲ. ಹುತಾತ್ಮರನ್ನು ಬಿಟ್ಟು ಸಾಕ್ಷಿಗಳನ್ನು ಬರೆದ ಕಲಾವಿದ ಅವನು. ಆದರೆ ಪುಸ್ತಕಕ್ಕೂ ಮ್ಯೂಸಿಯಮ್ಮಿಗೂ ಹುಡುಕಿಕೊಂಡು ಹೋಗಬೇಕು. ಗೋಡೆ ಮಾತ್ರ ಶಾಲೆಗೆ ಹೋಗುವ ದಾರಿಯಲ್ಲೇ ಇರುತ್ತದೆ. ಅದೇ ಕಷ್ಟ.

ಕೊನೆಯದಾಗಿ ಒಂದು ಪ್ರತಿಮೆ. 2024ರ ಮಾರ್ಚ್ 8ರಂದು ಬೆಲ್‌ಫಾಸ್ಟ್ ನಗರಸಭೆಯ ಅಂಗಳದಲ್ಲಿ ಇಬ್ಬರು ಮಹಿಳೆಯರ ಪ್ರತಿಮೆಗಳು ಅನಾವರಣಗೊಂಡವು. ಒಬ್ಬಳು ಗುಲಾಮಗಿರಿಯ ವಿರುದ್ಧ ಹೋರಾಡಿದ ಮೇರಿ ಆನ್ ಮೆಕ್ರ್ಯಾಕನ್. ಇನ್ನೊಬ್ಬಳು ಕಾರ್ಮಿಕ ನಾಯಕಿ ವಿನಿಫ್ರೆಡ್ ಕಾರ್ನಿ. 1916ರ ಏಪ್ರಿಲಿನಲ್ಲಿ ಡಬ್ಲಿನ್ನಿನ ಅಂಚೆ ಕಚೇರಿಯಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದವರ ನಡುವೆ ಟೈಪ್‌ರೈಟರ್ ಹಿಡಿದು ಕುಳಿತವಳು ಈ ಕಾರ್ನಿ. ಅದೇ ವರ್ಷ ಜುಲೈ 1ರಂದು ಆರಂಭವಾದ ಸೊಮ್ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಅಲ್ಸ್ಟರ್ ಪಡೆಯಲ್ಲಿ ಹೋರಾಡಿದವನು ಜಾರ್ಜ್ ಮೆಕ್‌ಬ್ರೈಡ್ ಎಂಬ ಪ್ರೊಟೆಸ್ಟಂಟ್. ಫಾಲ್ಸ್‌ನ ಗೋಡೆಗಳು ಅವಳ 1916ನ್ನು ಹಾಡುತ್ತವೆ, ಶಾಂಕಿಲ್‌ನ ಗೋಡೆಗಳು ಅವನ 1916ನ್ನು. ಅವರಿಬ್ಬರು 1928ರಲ್ಲಿ ಮದುವೆಯಾಗಿ ಒಂದೇ ಸೂರಿನಡಿ ಬಾಳಿದರು. ಇಬ್ಬರೂ ತಮ್ಮ ಗತವನ್ನು ಮರೆತಿರಲಾರರು. ಆದರೆ ಒಂದೇ ಒಲೆಯ ಮುಂದೆ ಕುಳಿತು ಒಬ್ಬರ ಸಾಕ್ಷಿಯನ್ನು ಇನ್ನೊಬ್ಬರು ಕೇಳಿಸಿಕೊಂಡಿರಬಹುದಲ್ಲವೆ?

ಸತ್ತವರನ್ನು ನೆನೆಯುವುದು ತಪ್ಪಲ್ಲ, ನೆನೆಯದ ಸಮಾಜ ಸಮಾಜವೇ ಅಲ್ಲ. ಆದರೆ ನಮ್ಮ ಕೈಯಿಂದ ಸತ್ತವರ ಹೆಸರನ್ನು ನಮ್ಮ ಗೋಡೆಯ ಮೇಲೆ ಬರೆಯುವ ದಿನ ಬಂದಾಗಲೇ ಶಹಾದತ್ ಎಂಬ ಪದದ ಎರಡು ಅರ್ಥಗಳೂ ಕೂಡಿಬರುವುದು. ಬೆಲ್‌ಫಾಸ್ಟ್ ಅದಕ್ಕಾಗಿ ಇನ್ನೂ ಕಾಯುತ್ತಿದೆ.